ನಿಂತ ಊರಿನಲ್ಲಿ ಒಂದು ಕುರ್ಚಿ

ಹಡಗು ಬಂದರಿನಲ್ಲಿ ಇರುವಷ್ಟು ಹೊತ್ತು ಆ ಊರಿನವರು ಯಾರೂ ಕೂರುವಂತಿಲ್ಲ. ಬೆಳಿಗ್ಗೆ ಎಂಟಕ್ಕೆ ನಮ್ಮ ಹಡಗು ಮೂರು ಸಲ ಕೂಗಿದಾಗ ನಾನು ಮೇಲಿನ ಡೆಕ್ಕಿನ ಕಂಬಿ ಹಿಡಿದು ನೋಡುತ್ತಿದ್ದೆ. ಕಡಲಿಗೆ ಅಂಟಿಕೊಂಡ ದಪ್ಪ ಕಲ್ಲಿನ ಕೋಟೆಗೋಡೆ, ಅದರ ಹಿಂದೆ ಗುಡ್ಡದ ಮೇಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಬೂದು ಮಾಡುಗಳ ಮನೆಗಳು, ತುದಿಯಲ್ಲಿ ಎರಡು ಗೋಪುರದ ಇಗರ್ಜಿ. ಮೊದಲ ಕೂಗಿಗೆ ಬಾಗಿಲುಗಳು ತೆರೆದವು. ಎರಡನೆಯದಕ್ಕೆ ಕುರ್ಚಿಗಳನ್ನು ಒಳಗೆ ಎಳೆಯುವ ಸದ್ದು ನೀರಿನ ಮೇಲಿಂದ ಕೇಳಿಬಂತು. ಮೂರನೆಯ ಕೂಗಿಗೆ ಕಿಟಕಿಗಳಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ಒಂದು ಮೊಳ ಮೇಲೇರಿದವು. ಇಡೀ ಊರು ಎದ್ದು ನಿಂತಿತ್ತು.

ಇಳಿಯುವಾಗ ಒಂದು ಕಾಗದ ಕೈಗಿಟ್ಟರು. ಉಳ್ಳಾಗಡ್ಡಿ ಸರ್ ಅದನ್ನು ಗಟ್ಟಿಯಾಗಿ ಓದಿದರು. ಅವರು ನಮ್ಮ ಸೀರೆ ಅಂಗಡಿಯ ಸೂಪರ್‌ವೈಸರು. ಯಾವ ಕಾಗದ ಸಿಕ್ಕರೂ ನಮಗೆ ಓದಿ ಹೇಳುವುದು ತಮ್ಮ ಕೆಲಸವೆಂದು ತಿಳಿದವರು. ಊರಿನವರಲ್ಲಿ ಒಬ್ಬರು ಒಂದು ನಿಮಿಷ ಕೂತರೆ ಹಡಗು ಒಂದು ಗಂಟೆ ತಡವಾಗಿ ಹೊರಡುತ್ತದೆ. ಎಷ್ಟು ಜನ ಕೂತರೂ ಲೆಕ್ಕ ಒಂದೇ. ಮೊದಲು ಕೂತವರದೇ ತಪ್ಪು. ಪ್ರಯಾಣಿಕರಿಗೆ ಇದು ಅನ್ವಯಿಸದು. ಅವರಿಗಾಗಿ ಊರಿನ ಎಲ್ಲೆಡೆ ನೀಲಿ ಕುರ್ಚಿಗಳಿವೆ, ದಯವಿಟ್ಟು ಕೂರಬೇಕು. ಆದರೆ ಪ್ರಯಾಣಿಕರು ಊರಿನ ಯಾವ ಕೆಲಸಕ್ಕೂ ಕೈ ಹಾಕಬಾರದು. ಕೈ ಹಾಕಿದವರು ಹಡಗು ಇರುವ ತನಕ ಊರಿನವರೆಂದೇ ಎಣಿಕೆ.

“ಕೇಳಿದೇನ ನೀಲಗಂಗಾ?” ಎಂದರು ಸರ್. “ಕೆಲಸ ಮಾಡಬ್ಯಾಡ ಅಂತ ಬರದು ಕೊಟ್ಟಾರ. ಹನ್ನೊಂದು ವರ್ಷದಾಗ ನಿನಗ ಹಿಂಗ ಯಾರರ ಹೇಳಿದ್ರೇನು?”

“ನೀವಂತೂ ಹೇಳಿಲ್ರಿ ಸರ್,” ಎಂದೆ.

ನಾನು ಹುಬ್ಬಳ್ಳಿಯ ಐದು ಅಂತಸ್ತಿನ ಸೀರೆ ಅಂಗಡಿಯೊಂದರ ಮೂರನೆಯ ಮಹಡಿಯಲ್ಲಿ, ಮದುವೆ ಸೀರೆಗಳ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಕೆಲಸವೆಂದರೆ ನಿಲ್ಲುವುದು. ಸೀರೆ ಬಿಚ್ಚುವುದು, ಹೆಗಲ ಮೇಲೆ ಹಾಕಿ ತೋರಿಸುವುದು, ಮಡಿಸುವುದು ಇವೆಲ್ಲ ನಡುನಡುವೆ ಬರುತ್ತವೆ. ನಾನು ಸೇರುವ ಮೊದಲು ಅಂಗಡಿಯಲ್ಲಿ ಬಿಳಿ ಗಾದಿ ಹಾಸಿರುತ್ತಿತ್ತಂತೆ; ಮಾರುವವರೂ ಕೊಳ್ಳುವವರೂ ಅದರ ಮೇಲೆ ಎದುರುಬದುರು ಕೂತು ಮಾತಾಡುತ್ತಿದ್ದರಂತೆ. ಗಾಜಿನ ಕೌಂಟರು ಬಂದಮೇಲೆ ಗಾದಿ ಹೋಯಿತು. ಗಿರಾಕಿಗಳ ಕಡೆಗೆ ಸ್ಟೂಲು ಬಂದವು, ನಮ್ಮ ಕಡೆಗೆ ಕ್ಯಾಮೆರಾ ಬಂತು. ಬೆಳಗಿನಿಂದ ಬಾಗಿಲು ಹಾಕುವವರೆಗೆ ಕೂರುವುದಕ್ಕೆ ನಮಗಿದ್ದ ಒಂದೇ ಉಪಾಯವೆಂದರೆ ಪಿನ್ನು ಬೀಳಿಸುವುದು. ಬಿದ್ದ ಪಿನ್ನು ಹುಡುಕುವ ನೆಪದಲ್ಲಿ ಕೌಂಟರಿನ ಕೆಳಗೆ ಕುಕ್ಕರಗಾಲಿನಲ್ಲಿ ಕೂತು ಹತ್ತು ಎಣಿಸಬಹುದು. ಹನ್ನೊಂದು ಎಣಿಸಿದರೆ ಮೇಲಿಂದ ಉಳ್ಳಾಗಡ್ಡಿ ಸರ್ ಗಂಟಲು ಸರಿಮಾಡಿಕೊಳ್ಳುತ್ತಾರೆ. ನನ್ನ ಎಡ ಮೀನಖಂಡದಲ್ಲಿ ನೀಲಿ ನರಗಳು ಬಳ್ಳಿಯ ಹಾಗೆ ಹೆಣೆದುಕೊಂಡಿವೆ. ದೀಪಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು ಸೀರೆ ಮಾರಿದವಳೆಂದು ಸೀರೆ ಕಂಪನಿಯವರು ಬಹುಮಾನವಾಗಿ ನನ್ನನ್ನು ಈ ವಿದೇಶ ಪ್ರವಾಸದ ಹಡಗಿಗೆ ಹತ್ತಿಸಿದರು. ನನ್ನ ಜೊತೆಗೆ ಸೂಪರ್‌ವೈಸರಿಗೂ ಮಾಲೀಕರ ಹೆಂಡತಿ ಸುಭದ್ರಕ್ಕಾರಿಗೂ ಟಿಕೇಟು ಬಂತು. ಅವರಿಬ್ಬರೂ ಏನನ್ನೂ ಮಾರಿರಲಿಲ್ಲ.

ಬಂದರಿನ ಬಾಗಿಲಲ್ಲಿ ನಮ್ಮ ಮೂವರಿಗೆ ಗೈಡಾಗಿ ಸಿಕ್ಕವಳು ಒದೀಲ್. ವಯಸ್ಸು ಅರವತ್ತರ ಆಚೀಚೆ, ನೀಳ ಮೈ, ಕಣಕಾಲಿನವರೆಗಿನ ಕರಿ ಲಂಗ, ಕೈಯಲ್ಲಿ ನಂಬರು ಕಟ್ಟಿದ ಕೋಲು. ಊರಿನ ಭಾಷೆ ಫ್ರೆಂಚು. ನಮಗೂ ಅವಳಿಗೂ ನಡುವೆ ಇದ್ದದ್ದು ಅಂಗಡಿ ಇಂಗ್ಲಿಷು: ಬನ್ನಿ, ನೋಡಿ, ಇದು ಹಳೆಯದು, ಇದು ಕೈಕೆಲಸದ್ದು, ಅಲ್ಲಿ ಹುಷಾರು. ಇಷ್ಟೇ ಮಾತಿನಲ್ಲಿ ಎಷ್ಟೊಂದು ಹೇಳಬಹುದು ಎಂಬುದು ಅದರಲ್ಲೇ ಹೊಟ್ಟೆ ಹೊರೆದವರಿಗೆ ಗೊತ್ತು. ಅವಳು ಆಡಿದ್ದನ್ನು, ಊರಿನವರು ಆಡಿ ಅವಳು ತಿಳಿಸಿದ್ದನ್ನು, ನಾನು ನನ್ನ ಮಾತಿನಲ್ಲೇ ಬರೆಯುತ್ತಿದ್ದೇನೆ. ನನ್ನ ಕಿವಿಗೆ ಅದು ಹಾಗೆಯೇ ಬಿತ್ತು.

ಕೆಳಪೇಟೆಯಿಂದ ಮೇಲ್ಪೇಟೆಗೆ ಮುನ್ನೂರ ಹದಿನೆಂಟು ಮೆಟ್ಟಿಲು. ದಾರಿಯಲ್ಲಿ ಒದೀಲ್ ಹಳೆಯ ಫಿರಂಗಿ ತೋರಿಸಿದಳು, ಗವರ್ನರನ ಬಂಗಲೆ ತೋರಿಸಿದಳು, ಕಡಲುಗಳ್ಳರನ್ನು ನೇತುಹಾಕುತ್ತಿದ್ದ ಕಬ್ಬಿಣದ ಕೊಂಡಿ ತೋರಿಸಿದಳು. ನಾನು ನೋಡಿದ್ದು ನಿಂತವರನ್ನು. ಒಬ್ಬ ದರ್ಜಿ ಎದೆಯೆತ್ತರದ ಮೇಜಿನ ಮೇಲೆ ಹೊಲಿಗೆ ಯಂತ್ರವಿಟ್ಟು ಒಂಟಿಕಾಲಿನಲ್ಲಿ ತುಳಿಯುತ್ತಿದ್ದ. ಶಾಲೆಯ ಕಿಟಕಿಯಲ್ಲಿ ಮಕ್ಕಳು ಸಾಲಾಗಿ ನಿಂತು ಬರೆಯುತ್ತಿದ್ದರು. ಪ್ರತಿ ಬಾಗಿಲ ಮೇಲಿನ ತೊಲೆಯಿಂದ ಒಂದು ಅಗಲ ಬಟ್ಟೆಯ ಪಟ್ಟಿ ಇಳಿಬಿದ್ದಿತ್ತು. ಮುದುಕಿಯರು ಅದನ್ನು ಕಂಕುಳ ಕೆಳಗೆ ಹಾಕಿಕೊಂಡು, ಒಣಗಲು ಹಾಕಿದ ಬಟ್ಟೆಗಳ ಹಾಗೆ, ತೂಗುತ್ತಾ ಬೀನ್ಸು ಬಿಡಿಸುತ್ತಿದ್ದರು. ಮಲಗುವುದಕ್ಕೆ ಅಡ್ಡಿಯಿಲ್ಲವಂತೆ. ಆದರೆ ಕೂರದೆ ಮಲಗುವುದು ಹೇಗೆ? ಅದಕ್ಕೂ ಗೋಡೆಗೆ ಒರಗಿಸಿದ ಹಲಗೆ ಇತ್ತು: ಬೆನ್ನು ಕೊಟ್ಟು ನಿಂತರೆ ಇನ್ನೊಬ್ಬರು ಮೆಲ್ಲಗೆ ಹಿಂದಕ್ಕೆ ಮಲಗಿಸುತ್ತಾರೆ, ಏಳುವಾಗ ಎತ್ತಿ ನಿಲ್ಲಿಸುತ್ತಾರೆ. ಒಬ್ಬಂಟಿಗಳು ಮಲಗುವುದಿಲ್ಲ. ಮೊಣಕಾಲೂರುವುದಕ್ಕೂ ಅಡ್ಡಿಯಿಲ್ಲ. ಹಾಗಾಗಿ ಹಡಗು ಬಂದ ದಿನ ಇಗರ್ಜಿ ತುಂಬಿ ತುಳುಕುತ್ತದೆ.

“ಏನ್ ಭಕ್ತಿ ನೋಡು ಈ ಜನದ್ದು!” ಎಂದರು ಸುಭದ್ರಕ್ಕಾರು, ಇಗರ್ಜಿಯ ಬಾಗಿಲಲ್ಲಿ ನಿಂತು. ಒಳಗೆ ಇನ್ನೂರು ಜನ ಮೊಣಕಾಲೂರಿ ಕಣ್ಣು ಮುಚ್ಚಿದ್ದರು. ಅರ್ಧದಷ್ಟು ಜನ ನಿದ್ದೆ ಮಾಡುತ್ತಿದ್ದರು.

ನಾನು ಕೂತೆ. ಸುಳ್ಳು ಹೇಳುವುದಿಲ್ಲ. ಫಿರಂಗಿಯ ಹತ್ತಿರದ ನೀಲಿ ಕುರ್ಚಿಯಲ್ಲಿ ಕೂತೆ, ಬಂಗಲೆಯ ಎದುರಿನದರಲ್ಲಿ ಕೂತೆ, ಬರೀ ಗೋಡೆ ಇರುವ ಕಡೆಯೂ ಕೂತೆ. ಬೇರೆಯವರು ನಿಂತಿರುವಾಗ ಕೂರುವುದರಲ್ಲಿ ಒಂದು ರುಚಿ ಇದೆ, ಅದು ನನಗೆ ಮೊದಲ ಸಲ ನಾಲಿಗೆಗೆ ಹತ್ತಿತ್ತು. ಊಟಕ್ಕೆ ಚೌಕದಲ್ಲಿ ಮೇಜು ಹಾಕಿದ್ದರು. ಮೀನಿನ ಸಾರು ನಾವು ತಿನ್ನುವವರಲ್ಲ. ಬ್ರೆಡ್ಡು, ಬೆಣ್ಣೆ, ಬೇಯಿಸಿದ ಬಟಾಟೆ, ಸುಭದ್ರಕ್ಕಾರ ಚೀಲದಿಂದ ಶೇಂಗಾ ಚಟ್ನಿಪುಡಿ. ನಾನು ಎರಡನೆಯ ಬಟಾಟೆ ಮುರಿಯುವಾಗ ಕಣ್ಣು ಒದೀಲಳ ಲಂಗದ ಅಂಚಿನ ಮೇಲೆ ಹೋಯಿತು. ಅವಳು ನಮ್ಮ ಮೇಜಿನ ಪಕ್ಕದಲ್ಲಿ ನಿಂತಿದ್ದಳು. ಎಡಪಾದದ ಮೇಲೆ ಬಲಪಾದ ಇಟ್ಟಳು. ಸ್ವಲ್ಪ ಹೊತ್ತಿಗೆ ಬಲ ಹಿಮ್ಮಡಿ ಎತ್ತಿದಳು. ಆಮೇಲೆ ಸೊಂಟದ ಮೂಳೆಯನ್ನು ಮೇಜಿನ ಮೂಲೆಗೆ, ಯಾರಿಗೂ ಕಾಣದ ಹಾಗೆ, ಕೊಟ್ಟಳು. ಇವೆಲ್ಲ ನನಗೆ ಗೊತ್ತಿದ್ದ ಆಟಗಳು. ಮಧ್ಯಾಹ್ನದ ಹೊತ್ತಿಗೆ ಇವನ್ನೆಲ್ಲ ಆಡಿ ಮುಗಿಸಿದವಳ ಕಾಲಿನಲ್ಲಿ ಏನು ಉಳಿದಿರುತ್ತದೆ ಎಂಬುದೂ ಗೊತ್ತಿತ್ತು.

“ಬಲಗಾಲೇನು?” ಎಂದು ಕೇಳಿದೆ.

ಅವಳು ನನ್ನ ಕಡೆ ತಿರುಗಿ, ಮೊದಲ ಸಲ ಗೈಡಿನ ನಗು ಬಿಟ್ಟು ಬೇರೆ ಮುಖದಲ್ಲಿ ನೋಡಿದಳು. “ಬಲಗಾಲು. ಮಂಡಿ ನೀರು ತುಂಬೇತಿ. ನಿನಗ ಹೆಂಗ ಗೊತ್ತಾತು?”

ನಾನು ಸಲ್ವಾರನ್ನು ಮೊಣಕಾಲಿನವರೆಗೆ ಎತ್ತಿ ನನ್ನ ಎಡ ಮೀನಖಂಡ ತೋರಿಸಿದೆ. ಉಳ್ಳಾಗಡ್ಡಿ ಸರ್ ಮುಖ ಆ ಕಡೆ ತಿರುಗಿಸಿದರು. ಒದೀಲ್ ಬಗ್ಗಿ ನೋಡಿದಳು, ಒಳ್ಳೆಯ ಕಸೂತಿ ನೋಡುವ ಹಾಗೆ.

“ಎಷ್ಟು ವರ್ಷ?”

“ಹನ್ನೊಂದು.”

“ನಂದು ನಲವತ್ನಾಕು,” ಎಂದಳು. ಸ್ವಲ್ಪ ಹೆಮ್ಮೆಯಿಂದಲೇ ಎಂದಳು.

ಅವಳ ಅಜ್ಜಿಯ ಕಾಲದಲ್ಲಿ ವರ್ಷಕ್ಕೆ ಎರಡು ಹಡಗು ಬರುತ್ತಿದ್ದವಂತೆ. ಎರಡು ದಿನ ನಿಲ್ಲುವುದು ಒಂದು ಹಬ್ಬದ ಹಾಗೆ. ಹೊಸ ಬೂಟು ಹೊಲಿಸುತ್ತಿದ್ದರಂತೆ. ಈಗ ಮಂಜು ಕರಗಿದಾಗಿನಿಂದ ಮತ್ತೆ ಮಂಜು ಬೀಳುವವರೆಗೆ ದಿನಕ್ಕೊಂದು ಹಡಗು. ನಿಲ್ಲಲಾರದವರನ್ನು ಪುರಸಭೆಯವರು ಗುಡ್ಡದಾಚೆಯ ಹಳ್ಳಿಗೆ ಕಳಿಸುತ್ತಾರೆ. ಅಲ್ಲಿಗೆ ಕಡಲು ಕಾಣುವುದಿಲ್ಲ, ನಿಯಮವೂ ಇಲ್ಲ, ಎಷ್ಟು ಬೇಕಾದರೂ ಕೂತಿರಬಹುದು. ಆದರೆ ಹೋದವರು ಹಡಗು ಇರುವ ದಿನ ಊರಿಗೆ ಕಾಲಿಡುವಂತಿಲ್ಲ, ಹಡಗು ಇಲ್ಲದ ದಿನಗಳು ಈಗ ಚಳಿಗಾಲದಲ್ಲಷ್ಟೇ, ಆಗ ಗುಡ್ಡದ ದಾರಿ ಮಂಜಿನಲ್ಲಿ ಮುಚ್ಚಿರುತ್ತದೆ. ಒದೀಲ್ ಈ ವರ್ಷ ಎರಡು ಸಲ ಕುಸಿದು ಕೂತಿದ್ದಳು. ಮೊದಲ ಸಲ ಅರ್ಧ ನಿಮಿಷ, ಎರಡನೆಯ ಸಲ ಎರಡು ನಿಮಿಷ. ಆ ಎರಡನೆಯ ಸಲ ಎರಡು ಗಂಟೆ ಹಡಗು ಹೆಚ್ಚಿಗೆ ನಿಂತಿತು, ಆ ಎರಡು ಗಂಟೆ ಇಡೀ ಊರು ಹೆಚ್ಚಿಗೆ ನಿಂತಿತು. ಬೇಕರಿಯವಳು ವಾರದವರೆಗೆ ಅವಳ ಜೊತೆ ಮಾತು ಬಿಟ್ಟಳು. ಮೂರನೆಯ ಸಲ ಕೂತರೆ ಗುಡ್ಡದಾಚೆಗೆ.

“ಅಲ್ಲಿ ಹೋಗಿ ಆರಾಮ ಕುಂದ್ರಬಹುದಲ್ಲ?” ಎಂದರು ಉಳ್ಳಾಗಡ್ಡಿ ಸರ್, ಒಳ್ಳೆಯ ಮನಸ್ಸಿನಿಂದಲೇ.

“ನನ್ನ ಮನಿ ಇಲ್ಲೈತಿ,” ಎಂದಳು ಒದೀಲ್. “ನನ್ನ ಗಂಡ ಸತ್ತ ಕೋಣಿ ಇಲ್ಲೈತಿ. ಕಿಟಕಿ ತಗದ್ರ ನೀರು ಕಾಣತೈತಿ. ಕುಂದ್ರಾಕ ಅಂತ ಮನಿ ಬಿಟ್ಟು ಹೋಗಬೇಕೇನು?”

ಸರ್ ಬಟಾಟೆ ತಿಂದರು.

ತಿರುಗಾಟದ ಕೊನೆ ಒದೀಲಳ ಅಂಗಡಿ. ಆ ಊರಿನಲ್ಲಿ ಎಲ್ಲರೂ ಎರಡೆರಡು ಕೆಲಸ ಮಾಡುತ್ತಾರೆ. ಅವಳು ಬೆಳಿಗ್ಗೆ ಗೈಡು, ಮಧ್ಯಾಹ್ನ ಲೇಸ್ ಮಾರುವವಳು. ಇಳಿಜಾರು ಬೀದಿಯ ಮಧ್ಯೆ ಒಂದೇ ಕೋಣೆ, ಮೇಲೆ ಅವಳ ಮನೆ. ಎದುರಿಗೆ ಕ್ಷೌರದ ಅಂಗಡಿ, ಪಕ್ಕದಲ್ಲಿ ಬೇಕರಿ. ಸುಭದ್ರಕ್ಕಾರು ನೀಲಿ ಕುರ್ಚಿಯಲ್ಲಿ ಕೂತರು, ಕೈಚೀಲ ತೊಡೆಯ ಮೇಲಿಟ್ಟುಕೊಂಡರು, ಅಲ್ಲಿಂದ ಶುರು.

“ಅದನ್ನ ತೋರಸನ್ನು. ಅದಲ್ಲ, ಅದರ ಬಾಜೂಕಿಂದು. ಇದರಾಗ ಬ್ಯಾರೆ ಬಣ್ಣ?”

“ಲೇಸಿನಾಗ ಬಿಳೀದೊಂದರಿ ಅಕ್ಕಾರ,” ಎಂದೆ.

“ಇದ್ರೂ ಇದ್ದೀತು. ಮ್ಯಾಲಿನ ಕಟ್ಟು ತಗಿ ಅನ್ನು.”

ಒದೀಲ್ ಏಣಿ ಹತ್ತಿದಳು, ಇಳಿದಳು, ಬಿಚ್ಚಿದಳು. ಮೇಜುಬಟ್ಟೆ, ಕರವಸ್ತ್ರ, ಕಿಟಕಿಪರದೆ. ಕೌಂಟರಿನ ಮೇಲೆ ಬಿಳಿಯ ರಾಶಿ ಏರಿತು. ನಾನು ಹನ್ನೊಂದು ವರ್ಷ ಸ್ಟೂಲಿನ ಮೇಲಿನ ಮುಖವನ್ನು ನೋಡುತ್ತಾ ನಿಂತವಳು. ಸ್ಟೂಲಿನ ಕಡೆಯಿಂದ ನೋಡಿದರೆ ಮಾರುವವಳಿಗೆ ಸೊಂಟದ ಕೆಳಗೆ ಏನೂ ಇರುವುದಿಲ್ಲ ಎಂಬುದು ಆಗ ಗೊತ್ತಾಯಿತು. ಕೌಂಟರು ಮುಚ್ಚಿರುತ್ತದೆ. ಒದೀಲ್ ಒಳಕೋಣೆಗೆ ಇನ್ನೊಂದು ಕಟ್ಟು ತರಲು ಹೋದಳು. ರಾಶಿ ಜಾರಿ ನೆಲಕ್ಕೆ ಬೀಳುವುದರಲ್ಲಿತ್ತು. ಬಿಚ್ಚಿದ ಬಟ್ಟೆ ಕಣ್ಣೆದುರು ಬಿದ್ದಿದ್ದರೆ ನನ್ನ ಅಂಗೈ ತುರಿಸುತ್ತದೆ. ನಾನು ಎದ್ದೆ, ಕೌಂಟರಿನ ಆ ಕಡೆಗೆ ಹೋದೆ, ಮಡಿಸತೊಡಗಿದೆ. ಅಂಚಿಗೆ ಅಂಚು, ಹೂವು ಒಳಗೆ, ಮೂರು ಮಡಿಕೆ, ನಡುವೆ ನೀಲಿ ಕಾಗದ. ಹನ್ನೆರಡು ಮಡಿಸಿ ಆದಮೇಲೂ ನಾನು ಮಾಡುತ್ತಿರುವುದು ಏನೆಂದು ನನಗೆ ಹೊಳೆಯಲಿಲ್ಲ. ಉಳ್ಳಾಗಡ್ಡಿ ಸರ್ ನೋಡುತ್ತಲೇ ಇದ್ದರು, ಅವರಿಗೂ ಹೊಳೆಯಲಿಲ್ಲ. ಅವರು ನನ್ನನ್ನು ಕಂಡದ್ದೇ ಕೌಂಟರಿನ ಆ ಕಡೆಗೆ. “ಆ ಗುಲಾಬಿ ಹೂವಿಂದು ಇತ್ಲಾಗ ಕೊಡು ನೀಲಗಂಗಾ,” ಎಂದೂ ಅಂದರು. ಕೊಟ್ಟೆ.

ಒದೀಲ್ ಹೊರಗೆ ಬಂದು ನನ್ನನ್ನೂ ಮಡಿಕೆಗಳನ್ನೂ ನೋಡಿ ಕಟ್ಟನ್ನು ಕೆಳಗೆ ಹಾಕಿದಳು.

“ಎಷ್ಟು ಮಡಿಚಿದಿ?”

“ಹನ್ನೆರಡು.”

“ಹುಚ್ಚಿ,” ಎಂದಳು. “ಒಂದು ಮಡಿಚಿದ್ರನ ಸಾಕಾಗಿತ್ತು. ಇನ್ನ ಐದಕ್ಕ ಹಡಗು ಹೋಗೂ ತನಕ ನೀ ಕುಂದ್ರೂ ಹಂಗಿಲ್ಲ.”

ಆಗ ಮೂರು ಗಂಟೆ ದಾಟಿತ್ತು. ಸುಭದ್ರಕ್ಕಾರು ಬಿದ್ದು ಬಿದ್ದು ನಕ್ಕರು. “ಸುಟಿಗೆ ಅಂತ ಕರಕೊಂಡು ಬಂದ್ರ ಇಲ್ಲೂ ನೌಕರಿಗೆ ಸೇರಿದ್ಯಲ್ಲವ! ಹಣ್ಯಾಗ ಬರದಿದ್ದು ತಪ್ಪಸಾಕ ಬರತೈತೇನು?” ಸರ್ ಮಾತ್ರ ಸ್ವಲ್ಪ ಗಾಬರಿಯಾದರು. ಕಾಗದ ತೆಗೆದು ಮತ್ತೆ ಓದಿದರು. “ನಿಂದರು, ಏನಾಗೂದಿಲ್ಲ. ಎರಡು ತಾಸು. ನಿನಗ ರೂಢಿ ಐತಲ್ಲ,” ಎಂದರು.

ರೂಢಿ ಇತ್ತು. ಹಾಗಾಗಿ ನಿಂತೆ. ಒದೀಲಳೂ ನಾನೂ ಕೌಂಟರಿನ ಒಂದೇ ಕಡೆಗೆ ಹೆಗಲಿಗೆ ಹೆಗಲು ನಿಂತು, ಅವಳು ಬಿಚ್ಚುವುದು ನಾನು ಮಡಿಸುವುದು. ಬೇರೆ ಪ್ರಯಾಣಿಕರು ಬಂದರು, ಕೂತರು, ಬಿಚ್ಚಿಸಿದರು, ಹೋದರು. ಊರಿನವಳಾಗಿ ನಿಲ್ಲುವುದು ಅಂಗಡಿಯವಳಾಗಿ ನಿಲ್ಲುವುದಕ್ಕಿಂತ ಬೇರೆಯೇನೂ ಅಲ್ಲ. ನಾನು ನನ್ನ ಪಿನ್ನಿನ ಉಪಾಯ ಹೇಳಿಕೊಟ್ಟೆ. ಅವಳು ಆಗದೆಂದು ತಲೆಯಾಡಿಸಿದಳು: ಹಿಮ್ಮಡಿಗೆ ಕುಂಡೆ ತಾಗಿದರೆ ಅದೂ ಕೂತಹಾಗೆ, ಎಂದೋ ಯಾರೋ ಪರೀಕ್ಷಿಸಿದ್ದಾರಂತೆ. ಅವಳು ನನಗೆ ತನ್ನ ಉಪಾಯ ಹೇಳಿದಳು: ನೋವು ಮಂಡಿಯಲ್ಲಿದ್ದರೆ ನಾಲಿಗೆಯನ್ನು ಅಂಗುಳಿಗೆ ಒತ್ತಿ ಹಿಡಿಯಬೇಕು. ನಾನು ಒತ್ತಿದೆ. ಏನೂ ಆಗಲಿಲ್ಲ. “ಏನೂ ಆಗೂದಿಲ್ಲ,” ಎಂದಳು ಅವಳು. “ಆದ್ರ ಒದರೂದು ನಿಂದರತೈತಿ.”

ನಾಲ್ಕೂವರೆಗೆ ಅವಳ ತೊಡೆ ನಡುಗುವುದು ನನ್ನ ತೊಡೆಗೆ ತಾಗಿತು. ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.  ಬಾಗಿಲ ಪಟ್ಟಿಯವರೆಗೆ ಆರು ಹೆಜ್ಜೆ, ಆ ಆರು ಹೆಜ್ಜೆ ಅವಳಲ್ಲಿ ಇರಲಿಲ್ಲ. ಎದುರಿನ ಕ್ಷೌರದ ಅಂಗಡಿಯ ಬಾಗಿಲಲ್ಲಿ ಕ್ಷೌರಿಕ ಅರ್ಮಾಂ ಕತ್ತರಿ ಹಿಡಿದು ನಿಂತವನು ಅವಳನ್ನೇ ನೋಡುತ್ತಿದ್ದ. ಬೇಕರಿಯವಳು ಹೊರಗೆ ಬಂದು ನೋಡುತ್ತಿದ್ದಳು. ಅವರ ಕಣ್ಣಿನಲ್ಲಿದ್ದದ್ದು ಕನಿಕರವಲ್ಲ. ಇವಳು ಇವತ್ತು ನಮ್ಮನ್ನು ಎಷ್ಟು ಗಂಟೆ ನಿಲ್ಲಿಸುತ್ತಾಳೋ ಎಂಬ ಲೆಕ್ಕ.

ಸುಭದ್ರಕ್ಕಾರು ಕುರ್ಚಿಯಿಂದ ಎದ್ದು ಕನ್ನಡಿಯ ಮುಂದೆ ಲೇಸಿನ ಶಾಲು ಹೊದ್ದು ನೋಡುತ್ತಿದ್ದರು. ಕುರ್ಚಿ ಖಾಲಿ ಇತ್ತು. ನನಗೆ ಆ ಕ್ಷಣದಲ್ಲಿ ದೊಡ್ಡ ವಿಚಾರವೇನೂ ಬರಲಿಲ್ಲ. ಮೊದಲು ಕೂತವರದೇ ತಪ್ಪು ಎಂಬ ಒಂದು ಸಾಲು ಬಂತು, ಅಷ್ಟೇ. ನಾನು ಕೌಂಟರು ಸುತ್ತಿ ಹೋಗಿ, ಕುರ್ಚಿಯನ್ನು ಎತ್ತಿ ಬಾಗಿಲಾಚೆ ಬೀದಿಗೆ ಹಾಕಿ, ಎಲ್ಲರಿಗೂ ಕಾಣುವ ಹಾಗೆ ಕೂತೆ.

ಕೆಳಗೆ ಬಂದರಿನಲ್ಲಿ ಹಗ್ಗಗಳು ಬಿಗಿಯುವ ಸದ್ದಾಯಿತು. ದೊಡ್ಡ ಎಮ್ಮೆಯೊಂದು ನರಳಿದ ಹಾಗೆ ಹಡಗು ನರಳಿತು, ಒಮ್ಮೆ ಗೋಡೆಯ ಕಡೆಗೆ ವಾಲಿ ಸ್ತಬ್ಧವಾಯಿತು. ಬೀದಿಯುದ್ದಕ್ಕೂ ತಲೆಗಳು ತಿರುಗಿದವು.

“ಯಾರು?” ಎಂದು ಮೇಲಿನ ಮೆಟ್ಟಿಲಿನಿಂದ ಯಾರೋ ಕೂಗಿದರು. “ಮತ್ತ ಒದೀಲೇನು?”

“ಒದೀಲ್ ಅಲ್ಲ,” ಎಂದ ಅರ್ಮಾಂ, ನನ್ನನ್ನು ನೋಡುತ್ತಾ. “ಹಡಗಿನಾಕಿ. ಲೇಸ್ ಮಡಿಚಿದಾಕಿ.”

“ಕುಂದ್ರು ಒದೀಲ್,” ಎಂದೆ ನಾನು. “ಈಗ ನೀ ಕುಂತ್ರ ನಿಂದು ಎಣಿಕಿ ಇಲ್ಲ.”

ಅವಳು ಕೂರಲಿಲ್ಲ. ಕೌಂಟರು ಹಿಡಿದುಕೊಂಡೇ ನನ್ನನ್ನು ಬೈದಳು, ಅಂಗಡಿ ಇಂಗ್ಲಿಷಿನಲ್ಲಿ ಸಾಲದೆ ಫ್ರೆಂಚಿನಲ್ಲೂ ಬೈದಳು. “ನನ್ನ ಸಲುವಾಗಿ ಕುಂತೇನು? ನಾ ಕೇಳಿದ್ನೇನು ನಿನ್ನ? ನಲವತ್ನಾಕು ವರ್ಷ ನಿಂತಾಕಿ ನಾನು. ನೀ ಹಡಗು ಹತ್ತಿ ಹೋಗ್ತಿ. ಈ ಓಣಿ ಮಂದಿ ನನ್ನ ಮುಖಾ ನೋಡ್ತಾರ!”

“ನಿನ್ನ ಸಲುವಾಗಿ ಅಲ್ಲ,” ಎಂದೆ. “ನನ್ನ ಕಾಲಿನ ಸಲುವಾಗಿ. ಹನ್ನೊಂದು ವರ್ಷದ್ದು ಬಾಕಿ ಐತಿ.” ಅದು ಅರ್ಧ ಸುಳ್ಳಾಗಿತ್ತು. ಹೇಳಿ ಮುಗಿಸುವಷ್ಟರಲ್ಲಿ ಪೂರ್ತಿ ನಿಜವಾಯಿತು.

ಬೇಕರಿಯವಳು ಹಿಟ್ಟಿನ ಕೈಯಲ್ಲೇ ಬಂದು ನನ್ನ ರಟ್ಟೆ ಹಿಡಿದಳು. “ಏಳು. ಐದು ನಿಮಿಷ ಆತು. ಐದು ತಾಸು! ನನ್ನ ಮಗಳು ತುಂಬಿದ ಬಸುರಿ, ಐದು ತಾಸು ಹೆಂಗ ನಿಂದರಬೇಕು ಆಕಿ?”

“ಯಾಕ ನಿಂದರಬೇಕು?” ಎಂದೆ. “ಕುಂದ್ರಸು.”

“ಕುಂತ್ರ ಹಡಗು ಹೋಗೂದಿಲ್ಲ.”

“ಹೋಗದಿದ್ರ ಬಿಡು. ಇರಲಿ ಇಲ್ಲೇ.”

ಅವಳ ಬೆರಳು ನನ್ನ ರಟ್ಟೆಯ ಮೇಲೆ ಸಡಿಲವಾದವು. ಆ ಊರಿನವರು ದಡ್ಡರಲ್ಲ. ಕೂತರೆ ಹಡಗು ಹೆಚ್ಚು ಹೊತ್ತು ನಿಲ್ಲುತ್ತದೆ, ಹಡಗು ನಿಂತರೆ ತಾವು ಹೆಚ್ಚು ಹೊತ್ತು ನಿಲ್ಲಬೇಕು, ಇದನ್ನು ಅವರು ಮುನ್ನೂರು ವರ್ಷ ಒಬ್ಬೊಬ್ಬರಾಗಿ ಲೆಕ್ಕ ಹಾಕಿದ್ದರು. ಒಬ್ಬ ಕೂತಾಗ ಉಳಿದವರೆಲ್ಲ ಅವನನ್ನು ಎಬ್ಬಿಸಲು ಓಡಿದ್ದರು. ಎಲ್ಲರೂ ಕೂತೇಬಿಟ್ಟರೆ ಹಡಗು ಇರುವುದೂ ಒಂದೇ, ಇಲ್ಲದಿರುವುದೂ ಒಂದೇ ಎಂದು ಯಾರಿಗೂ ಹೊಳೆಯಲಾರದ್ದಲ್ಲ. ಹೊಳೆಯುವಷ್ಟು ಹೊತ್ತು ಯಾರನ್ನೂ ಕೂರಲು ಬಿಟ್ಟಿರಲಿಲ್ಲ. ನಾನೂ ಅಷ್ಟೇ. ಹತ್ತು ಎಣಿಸುವುದರಲ್ಲಿ ಏನು ವಿಚಾರ ಬರುತ್ತದೆ?

“ಎಷ್ಟು ಮಂದಿ ಕುಂತ್ರೂ ಲೆಕ್ಕ ಒಂದ,” ಎಂದ ಅರ್ಮಾಂ, ತನಗೆ ತಾನೇ ಹೇಳಿಕೊಳ್ಳುವ ಹಾಗೆ. ಅವನ ಮುಂದೆ ಅರ್ಧ ಕೂದಲು ಕತ್ತರಿಸಿಕೊಂಡ ಉದ್ದನೆಯ ಮೀನುಗಾರನೊಬ್ಬ ಬಿಳಿ ಬಟ್ಟೆ ಸುತ್ತಿಕೊಂಡು ನಿಂತಿದ್ದ. “ಇಪ್ಪತ್ತು ವರ್ಷ ಈ ಉದ್ದಪ್ಪಗಳ ತಲಿ ಕೆಳಗಿಂದ ನೋಡೇ ಕತ್ತರಸೀನಿ. ಬ್ಯಾಸಗ್ಯಾಗ ನೆತ್ತಿ ಹೆಂಗಿರತೈತಿ ಅಂತ ಸಾಯೂದ್ರಾಗ ನೋಡಬೇಕು.” ಒಳಗೆ ಹೋಗಿ, ಚಳಿಗಾಲಕ್ಕೆಂದು ಎತ್ತಿಟ್ಟಿದ್ದ ಕುರ್ಚಿಯನ್ನು ಎಳೆದು ತಂದು ಮೀನುಗಾರನ ಮೊಣಕಾಲಿನ ಹಿಂದೆ ಒತ್ತಿದ. ಮೀನುಗಾರ ದೊಪ್ಪನೆ ಕೂತ. ಅರ್ಮಾಂ ಅವನ ನೆತ್ತಿಯನ್ನು ನೋಡಿ, “ಥೂ, ಬೋಳು,” ಎಂದ. ಇಡೀ ಬೀದಿ ನಕ್ಕಿತು. ನಕ್ಕಾಗ ಕಾಲಿನ ಹಿಡಿತ ಸಡಿಲವಾಗುತ್ತದೆ. ದರ್ಜಿ ಹೊಸ್ತಿಲ ಮೇಲೆ ಕೂತ. ಪಟ್ಟಿಯಲ್ಲಿ ತೂಗುತ್ತಿದ್ದ ಮುದುಕಿಯರನ್ನು ಸೊಸೆಯರು ಬಿಚ್ಚಿ ಇಳಿಸಿದರು. ಬೇಕರಿಯವಳು ಇನ್ನೂ ಒಂದು ಸಲ ನನ್ನನ್ನು ದುರುಗುಟ್ಟಿ ನೋಡಿ ಒಳಗೆ ಹೋಗಿ ಮಗಳನ್ನು ಕೈ ಹಿಡಿದು ತಂದು ಹಿಟ್ಟಿನ ಮೂಟೆಯ ಮೇಲೆ ಕೂರಿಸಿದಳು. ಆ ಹುಡುಗಿ ಹೊಟ್ಟೆಯ ಮೇಲೆ ಕೈಯಿಟ್ಟು ಅಳತೊಡಗಿದಳು. ಮೇಲಿನ ಬೀದಿ, ಕೆಳಗಿನ ಬೀದಿ, ಚೌಕ, ಎಲ್ಲ ಕಡೆಯಿಂದಲೂ ಬೆಳಿಗ್ಗೆ ಒಳಗೆ ಎಳೆದಿದ್ದ ಕುರ್ಚಿಗಳು ಹೊರಗೆ ಬರುವ ಸದ್ದು ಬಂತು.

ಸುಭದ್ರಕ್ಕಾರು ಶಾಲು ಹೊದ್ದುಕೊಂಡೇ ಹೊರಗೆ ಬಂದರು. ಈಗ ನಗು ಇರಲಿಲ್ಲ. “ಸಾಕು ನಿನ್ನ ಆಟ. ಹಡಗಿನಾಗ ಮೂರು ಸಾವಿರ ಮಂದಿ ಅದಾರ. ಏಳು.”

“ಏಳಾಂಗಿಲ್ರಿ ಅಕ್ಕಾರ.”

“ಏನಂದಿ?”

“ಏಳಾಂಗಿಲ್ಲ ಅಂದೆ.”

“ಸೋಮವಾರ ಅಂಗಡಿಗೆ ಬರಬ್ಯಾಡ ಹಂಗಾರ.”

“ಸೋಮವಾರಕ್ಕ ನೀವೂ ಇಲ್ಲೇ ಇರ್ತೀರಿ,” ಎಂದೆ. “ಆಗ್ಲೇ ಇಪ್ಪತ್ತು ನಿಮಿಷ ಆತ್ರಿ.”

ಅವರು ಉಳ್ಳಾಗಡ್ಡಿ ಸರ್ ಕಡೆ ತಿರುಗಿದರು. ಇಪ್ಪತ್ತೆರಡು ವರ್ಷ ಮಹಡಿಯಿಂದ ಮಹಡಿಗೆ ಓಡಾಡಿ ನಮ್ಮನ್ನು ಕಾದ ಮನುಷ್ಯ. ಅವರು ಗಂಟಲು ಸರಿಮಾಡಿಕೊಂಡರು. ನನ್ನ ಮೈ ತನ್ನಿಂದ ತಾನೇ ಏಳಲು ಹೊರಟಿತು, ಅಷ್ಟು ಹಳೆಯ ರೂಢಿ ಅದು. ನಾನು ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಸರ್ ಇನ್ನೊಮ್ಮೆ ಕೆಮ್ಮಿದರು. ಆಮೇಲೆ, “ಆಕಿ ಈಗ ನಮ್ಮಾಕಿ ಅಲ್ರೀ ಅಕ್ಕಾರ. ಕಾಗದದಾಗ ಬರದಾರ. ಹಡಗು ಇರೂ ತನಕ ಈ ಊರಾಕಿ,” ಎಂದು ಹೇಳಿ ಬೇಕರಿಯ ಕಡೆಗೆ ಹೋಗಿಬಿಟ್ಟರು. ಹೆದರಿ ಹೇಳಿದರೋ ಬೇಕೆಂದೇ ಹೇಳಿದರೋ, ಕೊನೆಗೂ ಅವರು ನನಗೆ ತಿಳಿಸಲಿಲ್ಲ.

ಒದೀಲ್ ಇನ್ನೂ ನಿಂತಿದ್ದಳು. ಬೀದಿಯ ಊರಿನವರಲ್ಲಿ ನಿಂತವಳು ಅವಳೊಬ್ಬಳೇ, ಕೌಂಟರಿನ ಹಿಂದೆ, ಬಿಳಿಯ ರಾಶಿಯ ನಡುವೆ. ಯಾರೂ ಕೂರು ಎನ್ನಲಿಲ್ಲ. ಅದು ಅವಳಿಗೂ ಅವಳ ಮಂಡಿಗೂ ಬಿಟ್ಟದ್ದು. ಬೇಕರಿಯವಳು ತನ್ನ ಕುರ್ಚಿ ಬಿಟ್ಟೆದ್ದು, ಅದನ್ನು ತಂದು ಅವಳ ಹಿಂದೆ ಇಟ್ಟು, ತಾನು ಹೋಗಿ ಮೆಟ್ಟಿಲ ಮೇಲೆ ಕೂತಳು. ಒದೀಲ್ ಕೈಯಲ್ಲಿದ್ದ ಪರದೆಯನ್ನು ಮಡಿಸಿದಳು, ಅಂಚಿಗೆ ಅಂಚು. ಪಕ್ಕಕ್ಕಿಟ್ಟಳು. ಲಂಗ ಸರಿಮಾಡಿಕೊಂಡಳು. ಆಮೇಲೆ ಕೂತಳು, ಬಿದ್ದಹಾಗಲ್ಲ, ಯಾರೋ ದೊಡ್ಡವರ ಮನೆಗೆ ಬಂದು ಕೂರುವ ಹಾಗೆ, ಬೆನ್ನು ನೆಟ್ಟಗೆ ಇಟ್ಟು.

ಐದಕ್ಕೆ ಹಡಗು ಹೊರಡಲಿಲ್ಲ. ಐದೂಕಾಲಿಗೆ ಪುರಸಭೆಯ ಲಾಂಬೇರ್ ಬಂದ. ಕೊರಳಲ್ಲಿ ಹಿತ್ತಾಳೆಯ ಬಿಲ್ಲೆ, ಕೈಯಲ್ಲಿ ಹೆಸರು ಬರೆದುಕೊಳ್ಳುವ ಪುಸ್ತಕ, ಬೂಟಿನ ತುಂಬ ಧೂಳು. ಬಂದರಿನಿಂದ ಇಲ್ಲಿಯವರೆಗೆ ಕೂತವರ ಕಾಲು ದಾಟಿ ದಾಟಿ ಬಂದಿದ್ದ.

“ಮೊದಲ ಕುಂತಾಕಿ ನೀನೇನು?”

“ನಾನ.”

“ಮೂರನೇ ಸಲದ ತನಕ ಕಾಯೂದಿಲ್ಲ ನಿನಗ. ಗುಡ್ಡದಾಚೆ ಹೋಗಬೇಕು. ಈಗಿಂದೀಗ.”

“ಹೋಗಾಕ ಏಳಬೇಕಲ್ಲ,” ಎಂದೆ. “ನಾ ಏಳೂದಿಲ್ಲ. ನೀನ ಎತ್ತಿಕೊಂಡು ಹೋಗು.”

ಅವನು ಸಹಾಯಕ್ಕಾಗಿ ಸುತ್ತ ನೋಡಿದ. ಸಹಾಯಕ್ಕೆ ಬರುವವರು ಮೊದಲು ಏಳಬೇಕಾಗಿತ್ತು. ಮೀನುಗಾರ ಬಿಳಿ ಬಟ್ಟೆಯೊಳಗಿಂದ ಬ್ರೆಡ್ಡು ಮುರಿದು ತಿನ್ನುತ್ತಿದ್ದ. ಬೇಕರಿಯವಳು ಮಗಳ ಪಾದ ತಿಕ್ಕುತ್ತಿದ್ದಳು. ಲಾಂಬೇರ್ ಪುಸ್ತಕ ತೆರೆದ, ಒದೀಲಳ ಹೆಸರು ಬರೆಯಲು ಹೋಗಿ ನಿಲ್ಲಿಸಿದ, ಬೀದಿಯ ಉದ್ದಕ್ಕೂ ನೋಡಿದ, ಪುಸ್ತಕ ಮುಚ್ಚಿದ.

ಅಷ್ಟರಲ್ಲಿ ಮೇಲಿನಿಂದ ಸದ್ದು ಕೇಳಿತು. ಇಗರ್ಜಿಯ ಹಿಂದಿನ ಗುಡ್ಡದ ದಾರಿಯಲ್ಲಿ, ಊರು ಕೂತ ಸುದ್ದಿ ಮುಟ್ಟಿದ ಗುಡ್ಡದಾಚೆಯ ಜನ ಇಳಿಯುತ್ತಿದ್ದರು. ಮುದುಕರು, ಮುದುಕಿಯರು, ಕಾಲು ಇಲ್ಲದ ಒಬ್ಬ, ಅವನನ್ನು ಹೊತ್ತ ಇನ್ನೊಬ್ಬ. ಒಬ್ಬೊಬ್ಬರೂ ಒಂದೊಂದು ಕುರ್ಚಿ ತಂದಿದ್ದರು. ಹತ್ತು ಮೆಟ್ಟಿಲು ಇಳಿಯುವುದು, ಕುರ್ಚಿ ಹಾಕಿ ಕೂರುವುದು, ದಣಿವಾರಿಸಿಕೊಂಡು ಮತ್ತೆ ಹತ್ತು ಮೆಟ್ಟಿಲು ಇಳಿಯುವುದು. ಹಗಲಿನಲ್ಲಿ, ಬಂದರಿನಲ್ಲಿ ಹಡಗು ಇರುವಾಗ, ಅವರು ಆ ಮೆಟ್ಟಿಲುಗಳ ಮೇಲೆ ಕಂಡದ್ದು ಎಷ್ಟು ವರ್ಷದ ಮೇಲೋ. ಬೀದಿಯವರು ಹೆಸರು ಹಿಡಿದು ಕೂಗತೊಡಗಿದರು. ಲಾಂಬೇರ್ ಅವರ ಎದುರಿಗೆ ಓಡಿ, ಎರಡೂ ಕೈ ಅಗಲಿಸಿ ದಾರಿಗೆ ಅಡ್ಡ ನಿಂತ.

“ನಿಮಗ ಪರವಾನಗಿ ಕೊಟ್ಟಾವ್ರು ಯಾರು? ಎಲ್ಲಿಗೆ ಬಂದ್ರಿ?”

ಮುಂದಿದ್ದ ಮುದುಕಿ ತಲೆಯ ಮೇಲಿನ ಕುರ್ಚಿಯನ್ನು ಇಳಿಸಿ, ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಹಾದಿ ಬಿಡಪ್ಪ,” ಎಂದಳು. “ಮನಿಗೆ ಬಂದೇವಿ. ಕುಂದ್ರಾಕ ಬಂದೇವಿ.”

ಬೀದಿ ಕಿರಿದು, ಬರುವವರು ಬಹಳ. ನಾನು ಕೂತಲ್ಲಿಂದಲೇ ಕಾಲೂರಿ, ಕುರ್ಚಿ ಸಮೇತ ಪಕ್ಕಕ್ಕೆ ಸರಿದು ಜಾಗ ಮಾಡಿದೆ.